ಕೈಜಾರಿದ ಒಂದು ಚಿಮಟ, 19 ಸಾವು: ಮುಂಬೈಗೆ ಪ್ಲೇಗ್ ಲಸಿಕೆ ಕೊಟ್ಟ ಹಾಫ್‌ಕಿನ್ ತೆತ್ತ ಬೆಲೆ

ಮುಂಬೈನ ಪರೇಲ್‌ನಲ್ಲಿ ಓಡಾಡುವ ಕನ್ನಡಿಗರಿಗೆ ಹಾಫ್‌ಕಿನ್ ಇನ್‌ಸ್ಟಿಟ್ಯೂಟ್ ಹೆಸರು ಹೊಸದೇನಲ್ಲ. ಆದರೆ ಆ ಹೆಸರಿನ ವ್ಯಕ್ತಿ ಯಾರು ಎಂದು ಕೇಳಿದರೆ ಹೆಚ್ಚಿನವರಿಗೆ ಉತ್ತರ ಗೊತ್ತಿರಲಿಕ್ಕಿಲ್ಲ. ಕಾಲರಾ ಮತ್ತು ಪ್ಲೇಗ್ ಎರಡಕ್ಕೂ ಲಸಿಕೆ ಕಂಡುಹಿಡಿದು, ಎರಡನ್ನೂ ಮೊದಲು ತನ್ನ ಮೈಗೇ ಚುಚ್ಚಿಸಿಕೊಂಡ ವಿಜ್ಞಾನಿ ಅವರು. ಆದರೂ ಮನುಷ್ಯರ ಭಯ, ವದಂತಿ ಮತ್ತು ಒಂದು ಕ್ಷಣದ ಅಜಾಗರೂಕತೆ ಅವರ ವೃತ್ತಿ ಬದುಕನ್ನೇ ಬಲಿ ಪಡೆದವು.

ಒಡೆಸ್ಸಾದಿಂದ ಪ್ಯಾರಿಸ್‌ಗೆ

ವಾಲ್ಡೆಮಾರ್ ಹಾಫ್‌ಕಿನ್ ಹುಟ್ಟಿದ್ದು 1860ರಲ್ಲಿ, ಆಗ ರಷ್ಯಾ ಸಾಮ್ರಾಜ್ಯದಲ್ಲಿದ್ದ ಒಡೆಸ್ಸಾ ನಗರದ ಯಹೂದಿ ಕುಟುಂಬದಲ್ಲಿ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಖ್ಯಾತ ಜೀವವಿಜ್ಞಾನಿ ಮೆಚ್ನಿಕಾಫ್ ಅವರಿಗೆ ಗುರುವಾಗಿದ್ದರು. ಓದಿನಲ್ಲಿ ಮುಂದಿದ್ದರೂ ಯಹೂದಿಯಾಗಿದ್ದ ಕಾರಣಕ್ಕೆ ಉನ್ನತ ಹುದ್ದೆಯ ಬಾಗಿಲು ಮುಚ್ಚಿತ್ತು. ಮತಾಂತರವಾಗಿದ್ದರೆ ದಾರಿ ಸಲೀಸಾಗುತ್ತಿತ್ತು, ಆದರೆ ಅವರು ಒಪ್ಪಲಿಲ್ಲ. ಕೊನೆಗೆ ದೇಶ ಬಿಟ್ಟು, 1889ರಲ್ಲಿ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆ ಸೇರಿದರು. ಅಲ್ಲಿ ಸಿಕ್ಕಿದ್ದು ಗ್ರಂಥಾಲಯದ ಕೆಲಸ. ಬಿಡುವಿನ ವೇಳೆಯಲ್ಲಿ ಪ್ರಯೋಗಾಲಯದಲ್ಲಿ ದುಡಿದರು.

1892ರ ಜುಲೈ 18ರಂದು ತಾವು ಸಿದ್ಧಪಡಿಸಿದ ಕಾಲರಾ ಲಸಿಕೆಯನ್ನು ಸ್ವತಃ ಚುಚ್ಚಿಕೊಂಡರು. ಜ್ವರ ಬಂತು, ವಾಸಿಯೂ ಆಯಿತು. ಆದರೆ ಲಸಿಕೆ ನಿಜಕ್ಕೂ ಕೆಲಸ ಮಾಡುತ್ತದೆ ಎಂದು ತೋರಿಸಲು ಕಾಲರಾ ಇರುವ ಊರೇ ಬೇಕಿತ್ತು. ಹಾಗಾಗಿ 1893ರಲ್ಲಿ ಕಲ್ಕತ್ತಾಕ್ಕೆ ಬಂದಿಳಿದರು.

ಸೂಜಿಯ ಮೇಲೆ ಅನುಮಾನ

ಆರೋಗ್ಯವಾಗಿರುವವನಿಗೆ ಸೂಜಿ ಚುಚ್ಚುವುದೇಕೆ ಎಂಬುದು ಜನರ ಪ್ರಶ್ನೆಯಾಗಿತ್ತು. ಚುಚ್ಚುತ್ತಿರುವವನು ವಿದೇಶಿ, ಕಳುಹಿಸಿದ್ದು ಆಳುವ ಸರ್ಕಾರ. ಅನುಮಾನಕ್ಕೆ ಇಷ್ಟು ಸಾಕಾಗಿತ್ತು. ಕೆಲವೆಡೆ ತಂಡದ ಮೇಲೆ ಕಲ್ಲು ತೂರಾಟವೂ ನಡೆಯಿತು. ಹಾಫ್‌ಕಿನ್ ಬಲವಂತದ ದಾರಿ ಹಿಡಿಯಲಿಲ್ಲ. ಭಾರತೀಯ ವೈದ್ಯರನ್ನು ಜೊತೆಗಿಟ್ಟುಕೊಂಡು, ಜನರ ಕಣ್ಣೆದುರೇ ಮೊದಲು ತಮಗೆ ಚುಚ್ಚಿಸಿಕೊಂಡು, ಆಮೇಲೆ ಇಷ್ಟಪಟ್ಟವರಿಗಷ್ಟೇ ಲಸಿಕೆ ನೀಡಿದರು.

1894ರಲ್ಲಿ ಕಲ್ಕತ್ತಾದ ಬಸ್ತಿಯೊಂದರಲ್ಲಿ ಸುಮಾರು 200 ಜನರ ಪೈಕಿ 116 ಮಂದಿ ಲಸಿಕೆ ಪಡೆದರು. ಆ ಬಳಿಕ ಅಲ್ಲಿ ಕಾಲರಾ ಬಂದಿದ್ದು ಲಸಿಕೆ ಪಡೆಯದವರಿಗೇ. ಈ ಸುದ್ದಿ ಹಬ್ಬುತ್ತಿದ್ದಂತೆ ಜನರೇ ಮುಂದೆ ಬರತೊಡಗಿದರು. ಎರಡೂವರೆ ವರ್ಷಗಳಲ್ಲಿ ಸುಮಾರು 42 ಸಾವಿರ ಜನರಿಗೆ ಲಸಿಕೆ ಹಾಕಲಾಯಿತು. ಅಷ್ಟರಲ್ಲಿ ಹಾಫ್‌ಕಿನ್‌ಗೇ ಮಲೇರಿಯಾ ಅಂಟಿ, ಚೇತರಿಸಿಕೊಳ್ಳಲು ಯುರೋಪ್‌ಗೆ ಹೋಗಬೇಕಾಯಿತು.

ಮುಂಬೈಗೆ ಬಂತು ಪ್ಲೇಗ್

1896ರ ಸೆಪ್ಟೆಂಬರ್‌ನಲ್ಲಿ ಮುಂಬೈನಲ್ಲಿ ಪ್ಲೇಗ್ ಕಾಣಿಸಿಕೊಂಡಿತು. ಇಲಿ ಮತ್ತು ಚಿಗಟದಿಂದ ರೋಗ ಹರಡುತ್ತದೆ ಎಂಬುದು ಆಗಿನ್ನೂ ಗೊತ್ತಿರಲಿಲ್ಲ. ಕೊಳಕೇ ಕಾರಣ ಎಂದು ನಂಬಿದ್ದ ಅಧಿಕಾರಿಗಳು ಚರಂಡಿ ತೊಳೆಸಿದರು, ಮನೆಗಳಿಗೆ ಸುಣ್ಣ ಬಳಿಸಿದರು, ರೋಗಿಗಳನ್ನು ಹುಡುಕಿ ಆಸ್ಪತ್ರೆಗೆ ಎಳೆದೊಯ್ದರು. ಆಸ್ಪತ್ರೆಗೆ ಹೋದವರು ವಾಪಸ್ ಬರುವುದಿಲ್ಲ ಎಂಬ ವದಂತಿ ಹಬ್ಬಿತು. ಅಕ್ಟೋಬರ್‌ನಲ್ಲಿ ರೊಚ್ಚಿಗೆದ್ದ ಗಿರಣಿ ಕಾರ್ಮಿಕರು ಆರ್ಥರ್ ರೋಡ್ ಆಸ್ಪತ್ರೆಯ ಮೇಲೆ ದಾಳಿ ಮಾಡಿದರು. ಕುಟುಂಬಗಳು ರೋಗಿಗಳನ್ನು ಬಚ್ಚಿಟ್ಟವು. ಲಕ್ಷಾಂತರ ಜನ ರೈಲು ಹತ್ತಿ ಊರು ಬಿಟ್ಟರು, ರೋಗವೂ ಅವರೊಂದಿಗೇ ಪ್ರಯಾಣ ಬೆಳೆಸಿತು. ಪುಣೆಯಲ್ಲಿ ಮನೆಮನೆ ಶೋಧದ ವಿರುದ್ಧದ ಆಕ್ರೋಶ 1897ರ ಜೂನ್‌ನಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡ್ ಮೇಲಿನ ಗುಂಡಿನ ದಾಳಿಯಲ್ಲಿ ಮುಗಿಯಿತು.

ಈ ಗದ್ದಲದ ನಡುವೆ ಹಾಫ್‌ಕಿನ್ ಮುಂಬೈಗೆ ಬಂದರು. ಗ್ರ್ಯಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಅವರಿಗೆ ಸಿಕ್ಕಿದ್ದು ಒಂದು ಕೋಣೆ, ಒಂದು ಪಡಸಾಲೆ, ಒಬ್ಬ ಗುಮಾಸ್ತ ಮತ್ತು ಮೂವರು ಜವಾನರು. ಮೂರು ತಿಂಗಳಲ್ಲಿ ಲಸಿಕೆ ಸಿದ್ಧವಾಯಿತು. 1897ರ ಜನವರಿ 10ರಂದು ಜನರಿಗೆ ಕೊಡಲಿದ್ದ ಪ್ರಮಾಣಕ್ಕಿಂತ ಹಲವು ಪಟ್ಟು ಹೆಚ್ಚು ಲಸಿಕೆಯನ್ನು ತಾವೇ ಚುಚ್ಚಿಸಿಕೊಂಡರು. ಅದೇ ತಿಂಗಳ ಕೊನೆಗೆ ಬೈಕಲಾ ಜೈಲಿನಲ್ಲಿ ಪ್ಲೇಗ್ ಹಬ್ಬಿದಾಗ ಸ್ವಇಚ್ಛೆಯಿಂದ ಮುಂದೆ ಬಂದ ಕೈದಿಗಳಿಗೆ ಲಸಿಕೆ ಕೊಟ್ಟರು. ಪಡೆಯದವರಿಗೆ ಹೋಲಿಸಿದರೆ ಪಡೆದವರಲ್ಲಿ ರೋಗ ತೀರಾ ಕಡಿಮೆಯಿತ್ತು.

ಜನರ ಭಯ ಹೋಗಿಸುವಲ್ಲಿ ದೊಡ್ಡ ಪಾತ್ರ ವಹಿಸಿದ್ದು ಖೋಜಾ ಸಮುದಾಯದ ಯುವ ಧರ್ಮಗುರು ಆಗಾ ಖಾನ್. ಆಗ ಅವರಿಗೆ ಸುಮಾರು 20 ವರ್ಷ. ಎಲ್ಲರೆದುರು ಲಸಿಕೆ ಹಾಕಿಸಿಕೊಂಡು, ಏನೂ ಆಗಿಲ್ಲ ಎಂದು ತೋರಿಸಿದರು. ಅವರನ್ನು ನೋಡಿ ಸಾವಿರಾರು ಅನುಯಾಯಿಗಳು ಲಸಿಕೆ ಪಡೆದರು. ಸರ್ಕಾರದ ಆದೇಶದಿಂದ ಆಗದ ಕೆಲಸ ಜನ ನಂಬಿದ ಒಬ್ಬ ವ್ಯಕ್ತಿಯಿಂದ ಆಯಿತು.

ಪ್ಲೇಗ್ ಕರ್ನಾಟಕವನ್ನೂ ಬಿಡಲಿಲ್ಲ. ಆಗ ಮುಂಬೈ ಪ್ರಾಂತ್ಯದಲ್ಲಿದ್ದ ಹುಬ್ಬಳ್ಳಿ ತತ್ತರಿಸಿತು. 1898ರಲ್ಲಿ ಅಲ್ಲಿ ಸಾವಿರಾರು ಜನರಿಗೆ ಹಾಫ್‌ಕಿನ್ ಲಸಿಕೆ ನೀಡಲಾಯಿತು. ಅದೇ ವರ್ಷ ಆಗಸ್ಟ್‌ನಲ್ಲಿ ರೋಗ ಬೆಂಗಳೂರಿಗೂ ಕಾಲಿಟ್ಟಿತು. ಪ್ಲೇಗ್ ಅಮ್ಮನ ಗುಡಿಗಳು ಇಂದಿಗೂ ಆ ದಿನಗಳನ್ನು ನೆನಪಿಸುತ್ತವೆ.

ಮುಲ್ಕೋವಾಲ್ ದುರಂತ

1902ರ ಅಕ್ಟೋಬರ್ 30. ಪಂಜಾಬ್‌ನ ಮುಲ್ಕೋವಾಲ್ ಹಳ್ಳಿಯಲ್ಲಿ 107 ಜನರಿಗೆ ಲಸಿಕೆ ಹಾಕಲಾಯಿತು. ಕೆಲವೇ ದಿನಗಳಲ್ಲಿ ಅವರಲ್ಲಿ 19 ಮಂದಿ ಧನುರ್ವಾಯುವಿಗೆ ಬಲಿಯಾದರು. ಆ 19 ಜನರಿಗೂ ಲಸಿಕೆ ಹೋಗಿದ್ದು ಒಂದೇ ಬಾಟಲಿಯಿಂದ. ಬೇರೆ ಬಾಟಲಿಗಳಿಂದ ಪಡೆದ 88 ಮಂದಿಗೆ ಏನೂ ಆಗಿರಲಿಲ್ಲ.

ತನಿಖಾ ಆಯೋಗ ಮುಂಬೈನ ಪ್ರಯೋಗಾಲಯದತ್ತ ಬೆರಳು ತೋರಿಸಿತು. ಲಸಿಕೆ ಬೇಗ ತಯಾರಾಗಲೆಂದು ಹಾಫ್‌ಕಿನ್ ಕಾರ್ಬಾಲಿಕ್ ಆಮ್ಲ ಬಿಟ್ಟು, ಕಾಯಿಸಿ ಶುದ್ಧೀಕರಿಸುವ ವಿಧಾನಕ್ಕೆ ಬದಲಾಗಿದ್ದರು. ಅದು ಪಾಶ್ಚರ್ ಸಂಸ್ಥೆಯಲ್ಲಿ ಆಗಲೇ ಬಳಕೆಯಲ್ಲಿದ್ದ ವಿಧಾನ. ಆದರೂ ಅವರನ್ನು ಹುದ್ದೆಯಿಂದ ದೂರ ಇಡಲಾಯಿತು, ಸಂಬಳ ನಿಂತಿತು. 1904ರಲ್ಲಿ ಅವರು ಭಾರತ ಬಿಟ್ಟರು.

ನಿಜ ಸಂಗತಿ ಹಳ್ಳಿಯಲ್ಲೇ ಇತ್ತು. ಬಾಟಲಿಯ ಬಿರಡೆ ತೆಗೆಯುವಾಗ ಸಹಾಯಕನೊಬ್ಬನ ಕೈಯಿಂದ ಚಿಮಟ ನೆಲಕ್ಕೆ ಬಿದ್ದಿತ್ತು. ಅದನ್ನು ಸರಿಯಾಗಿ ಶುದ್ಧಗೊಳಿಸದೆ ಮತ್ತೆ ಬಳಸಲಾಗಿತ್ತು. ಧನುರ್ವಾಯುವಿನ ಸೂಕ್ಷ್ಮಾಣು ಇರುವುದೇ ಮಣ್ಣು, ಸಗಣಿಗಳಲ್ಲಿ. ಲಸಿಕೆಯಲ್ಲೇ ಸೋಂಕು ಇದ್ದಿದ್ದರೆ, ಅಷ್ಟು ದಿನ ಮುಚ್ಚಿಟ್ಟ ಬಾಟಲಿ ತೆರೆದ ಕೂಡಲೇ ಕೆಟ್ಟ ವಾಸನೆ ಬರಬೇಕಿತ್ತು ಎಂಬುದು ಹಾಫ್‌ಕಿನ್ ಪರ ನಿಂತ ವಿಜ್ಞಾನಿಗಳ ವಾದವಾಗಿತ್ತು. ಮಲೇರಿಯಾ ಸಂಶೋಧನೆಗೆ ನೊಬೆಲ್ ಪಡೆದ ರೊನಾಲ್ಡ್ ರಾಸ್ ಈ ಹೋರಾಟದ ಮುಂಚೂಣಿಯಲ್ಲಿದ್ದರು. 1907ರ ಜುಲೈನಲ್ಲಿ ಹತ್ತು ವಿಜ್ಞಾನಿಗಳ ಪತ್ರ ಲಂಡನ್‌ನ ಟೈಮ್ಸ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದೇ ವರ್ಷ ಹಾಫ್‌ಕಿನ್ ಆರೋಪಮುಕ್ತರಾದರು.

ಆದರೆ ನಡುವಿನ ಐದು ವರ್ಷಗಳ ಬೆಲೆ ತೆತ್ತವರು ಅವರೊಬ್ಬರೇ ಅಲ್ಲ. ದುರಂತದ ಸುದ್ದಿ ಕೇಳಿ ಪಂಜಾಬ್‌ನಲ್ಲಿ ಲಸಿಕೆ ಅಭಿಯಾನ ಕುಸಿದಿತ್ತು. ಜನರ ಹಳೆಯ ಭಯಕ್ಕೆ ಕಣ್ಣೆದುರಿನ ಸಾಕ್ಷಿ ಸಿಕ್ಕಂತಾಗಿತ್ತು. 1907ರ ಒಂದೇ ವರ್ಷದಲ್ಲಿ ಪ್ಲೇಗ್ ದೇಶದಲ್ಲಿ 10 ಲಕ್ಷಕ್ಕೂ ಹೆಚ್ಚು ಜನರ ಪ್ರಾಣ ತೆಗೆಯಿತು, ಅದರಲ್ಲಿ ದೊಡ್ಡ ಪಾಲು ಪಂಜಾಬ್‌ನದ್ದೇ.

ಕೊನೆಯ ದಿನಗಳು

ಹಾಫ್‌ಕಿನ್ ಭಾರತಕ್ಕೆ ಮರಳಿದರೂ ಮುಂಬೈನ ಹುದ್ದೆ ಕೈತಪ್ಪಿತ್ತು. ಕಲ್ಕತ್ತಾದಲ್ಲಿ ಕೆಲಸ ಸಿಕ್ಕಿತು, ಆದರೆ ಜನರ ಮೇಲೆ ಲಸಿಕೆ ಪ್ರಯೋಗಿಸುವ ಅಧಿಕಾರ ಕೊಡಲಿಲ್ಲ. 55ರ ಆಸುಪಾಸಿನಲ್ಲಿ ನಿವೃತ್ತರಾಗಿ ಯುರೋಪ್‌ಗೆ ಹೋದರು. ಮದುವೆಯಾಗಿರಲಿಲ್ಲ. 1930ರ ಅಕ್ಟೋಬರ್ 26ರಂದು ಸ್ವಿಟ್ಜರ್ಲೆಂಡ್‌ನ ಲೊಸಾನ್ ನಗರದಲ್ಲಿ 70ನೇ ವಯಸ್ಸಿನಲ್ಲಿ ತೀರಿಕೊಂಡರು.

ಅದಕ್ಕೂ ಐದು ವರ್ಷ ಮೊದಲು, 1925ರಲ್ಲಿ, ಪರೇಲ್‌ನ ಪ್ರಯೋಗಾಲಯಕ್ಕೆ ಅವರ ಹೆಸರಿಡಲಾಗಿತ್ತು. ಅಷ್ಟರಲ್ಲಿ ಮುಂಬೈನಿಂದ 2.6 ಕೋಟಿ ಡೋಸ್ ಪ್ಲೇಗ್ ಲಸಿಕೆ ಹೊರಗೆ ಹೋಗಿತ್ತು. ವದಂತಿ ನಂಬಿ ಲಸಿಕೆ ಬೇಡ ಎಂದವರು, ಬಲವಂತದಿಂದ ಜನರ ವಿಶ್ವಾಸ ಕಳೆದುಕೊಂಡ ಅಧಿಕಾರಿಗಳು, ಬಿದ್ದ ಚಿಮಟವನ್ನು ಹಾಗೇ ಎತ್ತಿಕೊಂಡ ಒಂದು ಕೈ, ತಪ್ಪು ಹುಡುಕುವ ಆತುರದಲ್ಲಿ ಸಾಕ್ಷ್ಯವನ್ನೇ ಗಮನಿಸದ ಆಯೋಗ. ಪ್ಲೇಗ್‌ನ ಸೂಕ್ಷ್ಮಾಣು ಒಂದೇ ಆಗಿದ್ದರೂ ಸಾವುಗಳಿಗೆ ಕಾರಣ ಅದೊಂದೇ ಆಗಿರಲಿಲ್ಲ. ಇನ್ನೊಮ್ಮೆ ಪರೇಲ್ ಕಡೆ ಹೋದಾಗ ಆ ಫಲಕ ಕಂಡರೆ ಈ ಕಥೆಯೂ ನೆನಪಾಗಲಿ.