ಹೆಸರಿನ ಮುಂದೆ ನಿಂತ ಊರು: ನಮ್ಮ ಡಿವಿಜಿ

ಇಲ್ಲಿಗೆ ಬಂದ ಹೊಸತರಲ್ಲಿ ಅರ್ಜಿ ತುಂಬುವಾಗ ನಾವೆಲ್ಲ ತಲೆ ಕೆರೆದುಕೊಂಡವರೇ. ಇನಿಷಿಯಲ್ ಎಲ್ಲಿ ಬರೆಯೋದು? ಅಪ್ಪನ ಹೆಸರು ಯಾವುದು, ಊರಿನ ಹೆಸರು ಯಾವುದು ಅಂತ ಕೌಂಟರಿನಲ್ಲಿ ಕೂತವರಿಗೆ ಹೇಗೆ ವಿವರಿಸೋದು?

ಬರೀ ಇನಿಷಿಯಲ್ಲಿನಿಂದಲೇ ಕನ್ನಡ ನಾಡೆಲ್ಲ ಗುರುತಿಸುವ ಹಿರಿಯರು ಡಿವಿಜಿ. ಡಿ ಎಂದರೆ ದೇವನಹಳ್ಳಿ, ವಿ ಎಂದರೆ ತಂದೆ ವೆಂಕಟರಮಣಯ್ಯ, ಜಿ ಎಂದರೆ ಗುಂಡಪ್ಪ. ನಮ್ಮಲ್ಲಿ ಅನೇಕರು ಅಪ್ಪ ಅಮ್ಮನಿಗೆ ಕೈಬೀಸಿ ವಿಮಾನ ಹತ್ತಿದ್ದೂ ಅದೇ ದೇವನಹಳ್ಳಿಯಲ್ಲಿ!

ಡಿವಿಜಿ ಹುಟ್ಟಿದ್ದು 1887ರಲ್ಲಿ, ಕೋಲಾರ ಸೀಮೆಯ ಮುಳಬಾಗಿಲಿನಲ್ಲಿ. ಕನ್ನಡದ ಜೊತೆಗೆ ತೆಲುಗೂ ಕಿವಿಗೆ ಬೀಳುವ ಗಡಿನಾಡು ಅದು. ತಂದೆ ಮೇಷ್ಟ್ರು, ಮಗ ಮಾತ್ರ ಮೆಟ್ರಿಕ್ ಪಾಸಾಗಲಿಲ್ಲ. ಹೊಟ್ಟೆಪಾಡಿಗಾಗಿ ಬೆಂಗಳೂರು ಸೇರಿ, ಗಾಡಿಗಳಿಗೆ ಬಣ್ಣ ಹಚ್ಚುವ ಕಾರ್ಖಾನೆಯಲ್ಲೂ ದುಡಿದರು. ಸಂಸ್ಕೃತ, ಇಂಗ್ಲಿಷ್, ರಾಜ್ಯಶಾಸ್ತ್ರವನ್ನೆಲ್ಲ ಸ್ವಂತ ಓದಿನಿಂದ ದಕ್ಕಿಸಿಕೊಂಡರು. 1913ರಲ್ಲಿ ‘ಕರ್ನಾಟಕ’ ಎಂಬ ಇಂಗ್ಲಿಷ್ ಪತ್ರಿಕೆ ಹೊರಡಿಸಿದರು. 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿದರು. ಸಾರ್ವಜನಿಕರು ಗೌರವದಿಂದ ಅರ್ಪಿಸಿದ ನಿಧಿಯನ್ನೂ ಅದೇ ಸಂಸ್ಥೆಗೆ ಕೊಟ್ಟುಬಿಟ್ಟರು. 1975ರಲ್ಲಿ ತೀರಿಕೊಂಡರು.

‘ಮಂಕುತಿಮ್ಮನ ಕಗ್ಗ’ ಮನೆಮನೆಗೂ ಗೊತ್ತು. ಆದರೆ ಊರು ಬಿಟ್ಟು ಬಂದ ನಮ್ಮನ್ನ ಹೆಚ್ಚು ಹಿಡಿದು ಕೂರಿಸಿದ್ದು ಎಂಟು ಸಂಪುಟಗಳ ‘ಜ್ಞಾಪಕ ಚಿತ್ರಶಾಲೆ’. ಅದರಲ್ಲಿ ಮೈಸೂರಿನ ದಿವಾನರಿದ್ದಾರೆ, ಸಂಗೀತಗಾರರಿದ್ದಾರೆ, ವೈದಿಕರಿದ್ದಾರೆ. ಇತಿಹಾಸದ ಪಠ್ಯಪುಸ್ತಕದಲ್ಲಿ ಜಾಗ ಸಿಗದ ಸಾಧಾರಣ ಜನರೂ ಇದ್ದಾರೆ. ಕಟ್ಟುಕತೆಯಲ್ಲ, ಕಂಡವರ ಕತೆ. ಆದರೂ ಕಾದಂಬರಿಯ ಹಾಗೆ ಓದಿಸಿಕೊಂಡು ಹೋಗುತ್ತೆ. ಪರೀಕ್ಷೆಗಾಗಿ ಓದೋದೇ ಅಭ್ಯಾಸವಾಗಿದ್ದ ನಮಗೆ, ನಿಜವನ್ನ ಹೀಗೂ ಬರೀಬಹುದಾ ಅನ್ನಿಸಿತು.

ಈ ಗುಣ ಮನೆಯಲ್ಲೂ ಇಳಿದು ಬಂತು. ಮಗ ಬಿ.ಜಿ.ಎಲ್. ಸ್ವಾಮಿ ಸಸ್ಯವಿಜ್ಞಾನಿ. ಅವರ ಇನಿಷಿಯಲ್ಲಿನಲ್ಲಿ ದೇವನಹಳ್ಳಿ ಹೋಗಿ ಬೆಂಗಳೂರು ಬಂದಿತ್ತು. ಗಿಡಮರಗಳ ಬಗ್ಗೆ ನಗುನಗುತ್ತಾ ಬರೆದ ‘ಹಸಿರು ಹೊನ್ನು’ ಪುಸ್ತಕಕ್ಕೆ 1978ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅಪ್ಪ ಮನುಷ್ಯರನ್ನ ನೋಡಿದ ಹಾಗೆ ಮಗ ಗಿಡಗಳನ್ನ ನೋಡಿದರು.

ಒಂದು ಮಾತು ಹೇಳಲೇಬೇಕು. ಚಿತ್ರಶಾಲೆಯಲ್ಲಿ ಹೆಚ್ಚಾಗಿ ಇರುವುದು ಡಿವಿಜಿ ಒಡನಾಡಿದ ಬಳಗದವರು, ಅದರಲ್ಲೂ ಗಂಡಸರು. ಹೊಲದಲ್ಲಿ ದುಡಿದ, ಬೀಡಿ ಕಟ್ಟಿದ, ಸಂತೆಯಲ್ಲಿ ಸೊಪ್ಪು ಮಾರಿದ ನಮ್ಮ ಅಜ್ಜಿಯರು ಅಲ್ಲಿ ಸಿಗೋದು ಕಷ್ಟ. ಅದು ಡಿವಿಜಿಯವರ ಮೇಲಿನ ದೂರಲ್ಲ. ಅವರು ತಾವು ಕಂಡವರನ್ನ ಬರೆದರು; ನಾವು ಕಂಡವರನ್ನ ನಾವೇ ಬರೀಬೇಕು.

ಅದಕ್ಕೇ ಈ ವರ್ಷ ನಾವೊಂದು ತೀರ್ಮಾನ ಮಾಡಿದ್ದೀವಿ. ಭಾನುವಾರ ಮನೆಗೆ ಫೋನ್ ಮಾಡಿದಾಗ ಊಟ ಆಯ್ತಾ, ಚಳಿ ಹೇಗಿದೆ ಅನ್ನೋದು ಮುಗಿದ ಮೇಲೆ, ನಮ್ಮ ಇನಿಷಿಯಲ್ಲಿನ ಊರಿನ ಬಗ್ಗೆ ಒಂದು ಪ್ರಶ್ನೆ ಕೇಳೋದು. ಉತ್ತರವನ್ನ ಅವತ್ತೇ ಕನ್ನಡದಲ್ಲಿ ಬರೆದಿಡೋದು. ಮುಂದಿನ ಸಂಚಿಕೆಗೆ ನೀವೂ ಒಂದು ಪುಟ ಕಳಿಸಿ. ಹೇಳುವವರು ಇನ್ನೂ ಫೋನ್ ಎತ್ತುತ್ತಿದ್ದಾರೆ.