ಮುಷ್ಟಿಮಲ್ಲ ಜ್ಯಾಕ್ ಜಾನ್ಸನ್

ನಮ್ಮ ಕಾರವಾರದಂತೆ ಅಮೆರಿಕೆಯ ಗ್ಯಾಲ್ವೆಸ್ಟನ್ನೂ ಒಂದು ಬಂದರು. ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ್ದ ಕಪ್ಪು ಜನಾಂಗದ ದಂಪತಿಗಳ ಮಗನಾಗಿ ಜ್ಯಾಕ್ ಜಾನ್ಸನ್ 1878ರಲ್ಲಿ ಅಲ್ಲಿ ಜನಿಸಿದನು. ಹಡಗುಕಟ್ಟೆಯಲ್ಲಿ ದುಡಿದ ಆ ತರುಣನು ಮುಷ್ಟಿಯುದ್ಧದಲ್ಲಿ ಹೆಸರು ಪಡೆದನು. ಆದರೆ ಜಗಜ್ಜೇತ ಜೆಫ್ರೀಸನು ಬಣ್ಣದ ಕಾರಣದಿಂದ ಅವನೊಡನೆ ಸೆಣಸಲು ಒಪ್ಪಲಿಲ್ಲ. ಸೋಲಿಗಿಂತಲೂ ಇದು ಕಠೋರವಲ್ಲವೆ?

ಕಡೆಗೆ 1908ರ ಡಿಸೆಂಬರ್ 26ರಂದು ದೂರದ ಸಿಡ್ನಿಯಲ್ಲಿ ಹೊಸ ಜಗಜ್ಜೇತ ಟಾಮಿ ಬರ್ನ್ಸನು ಅವನೆದುರು ನಿಂತನು. 14ನೆಯ ಸುತ್ತಿನಲ್ಲಿ ಪೊಲೀಸರೇ ಪಂದ್ಯವನ್ನು ನಿಲ್ಲಿಸಿದರು, ಪಟ್ಟವು ಜಾನ್ಸನನದಾಯಿತು. ನಿವೃತ್ತನಾಗಿದ್ದ ಜೆಫ್ರೀಸನು ಅದನ್ನು ಮರಳಿ ಗೆಲ್ಲಲು ಬಂದು, 1910ರ ಜುಲೈ 4ರಂದು ರೀನೋ ನಗರದಲ್ಲಿ ಸೋತನು. ಅಂದು ಹಲವು ಊರುಗಳಲ್ಲಿ ಗಲಭೆಗಳೆದ್ದು ಪ್ರಾಣಹಾನಿಯಾಯಿತು.

ಕಣದಲ್ಲಿ ಮಣಿಯದವನನ್ನು 1913ರಲ್ಲಿ ನ್ಯಾಯಾಲಯವು ಶಿಕ್ಷಿಸಿತು. ಬಿಳಿಯ ಸ್ತ್ರೀಯೊಬ್ಬಳನ್ನು ರಾಜ್ಯದ ಗಡಿ ದಾಟಿಸಿದನೆಂಬುದೇ ಆರೋಪ. ದೇಶಾಂತರ ಅಲೆದು, 1920ರಲ್ಲಿ ಮರಳಿ ಸೆರೆಮನೆ ಸೇರಿದನು. 1946ರಲ್ಲಿ ಮೋಟಾರು ಅಪಘಾತದಲ್ಲಿ ಮಡಿದನು. ಅಮೆರಿಕೆಯ ಅಧ್ಯಕ್ಷರ ಕ್ಷಮಾದಾನ ಬಂದುದು 2018ರಲ್ಲಿ.