ಸಂಗೊಳ್ಳಿಯ ಕಾವಲುಗಾರ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಭಾಗದ ವಿದ್ಯಾರ್ಥಿಗಳಿಗೆ ಸಂಗೊಳ್ಳಿ ರಾಯಣ್ಣನ ಹೆಸರು ಹೊಸದಲ್ಲ. ಲಾವಣಿಗಳಲ್ಲಿ, ಊರ ವೃತ್ತಗಳ ಪ್ರತಿಮೆಗಳಲ್ಲಿ ಅವನನ್ನು ಕತ್ತಿ ಹಿಡಿದ ವೀರನಾಗಿಯೇ ಕಾಣುತ್ತೇವೆ. ಆದರೆ ಆ ವೀರ ಎಂಥ ಮನೆಯಿಂದ ಬಂದವನು ಎಂದು ಯೋಚಿಸುವವರು ಕಡಿಮೆ.

ರಾಯಣ್ಣ ಹುಟ್ಟಿದ್ದು 1798ರಲ್ಲಿ, ಮಲಪ್ರಭೆಯ ದಡದ ಸಂಗೊಳ್ಳಿಯ ಕುರುಬ ಮನೆತನದಲ್ಲಿ. ತಂದೆ ಭರಮಪ್ಪ, ತಾಯಿ ಕೆಂಚಮ್ಮ. ಅವನದು ಶೇತಸನದಿಯ ಕೆಲಸ. ಅಂದರೆ ಊರು ಕಾಯುವುದು, ಅದಕ್ಕೆ ಪ್ರತಿಯಾಗಿ ಸಿಕ್ಕ ಹೊಲವನ್ನು ಉಳುವುದು. ಅರಮನೆಯ ವಂಶವಲ್ಲ, ದೊಡ್ಡ ಆಸ್ತಿಯೂ ಅಲ್ಲ. ಇಂಥವನಿಂದ ಇತಿಹಾಸ ಏನನ್ನು ನಿರೀಕ್ಷಿಸೀತು?

1824ರ ಅಕ್ಟೋಬರ್ 23ರಂದು ರಾಣಿ ಚೆನ್ನಮ್ಮನವರ ಸೈನ್ಯ ಕಂಪನಿ ಸರಕಾರದ ದಂಡನ್ನು ಸೋಲಿಸಿತು. ಧಾರವಾಡದ ಕಲೆಕ್ಟರ್ ಥ್ಯಾಕರೆ ಮಡಿದ. ಡಿಸೆಂಬರಿನಲ್ಲಿ ಕಿತ್ತೂರು ಬಿತ್ತು. ಬೈಲಹೊಂಗಲದ ಸೆರೆಯಲ್ಲಿಯೇ ಚೆನ್ನಮ್ಮನವರು 1829ರಲ್ಲಿ ತೀರಿಕೊಂಡರು. ಹೋರಾಡಿ ಸೆರೆಸಿಕ್ಕಿದ್ದ ರಾಯಣ್ಣನಿಗೆ ಬಿಡುಗಡೆಯಾಯಿತು. ಆದರೆ ಅವನ ಹೊಲದ ಒಂದು ಭಾಗವನ್ನು ಸರಕಾರ ಕಸಿದುಕೊಂಡಿತ್ತು, ಉಳಿದುದಕ್ಕೆ ಕಂದಾಯ ಹೆಚ್ಚಿಸಿತ್ತು.

ಕೋಟೆಯಿಲ್ಲ, ಖಜಾನೆಯಿಲ್ಲ. ಆದರೂ ಅವನು ಜನರನ್ನು ಕೂಡಿಸಿದ. ರೈತರು, ಶೇತಸನದಿಗಳು ಬಂದರು. ಆಫ್ರಿಕಾದಿಂದ ಗುಲಾಮರಾಗಿ ಬಂದವರ ಸಂತತಿಯಾದ ಸಿದ್ದಿ ಸಮುದಾಯದ ಗಜವೀರ ಅವನ ಆಪ್ತ ಸಂಗಾತಿಯಾದ. ಜಗತ್ತು ಲೆಕ್ಕಕ್ಕೇ ಹಿಡಿಯದ ಜನ ಕಾಡುಮೇಡುಗಳಲ್ಲಿ ಸೈನ್ಯವಾಗಿ ನಿಂತರು. 1830ರಲ್ಲಿ ಬೀಡಿಯ ಸರಕಾರಿ ಕಚೇರಿಗೆ ಬೆಂಕಿ ಬಿತ್ತು. ಎದುರಿಗೆ ನಿಂತು ಹಿಡಿಯಲಾಗದ ರಾಯಣ್ಣನನ್ನು, ಆ ವರ್ಷದ ಏಪ್ರಿಲ್‌ನಲ್ಲಿ ನಮ್ಮವರ ದ್ರೋಹದಿಂದಲೇ, ಹಳ್ಳದಲ್ಲಿ ಸ್ನಾನಕ್ಕಿಳಿದಿದ್ದಾಗ ಹಿಡಿಯಲಾಯಿತು. 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಿದರು. ಇಂದು ಬೆಂಗಳೂರಿನ ಮುಖ್ಯ ರೈಲು ನಿಲ್ದಾಣಕ್ಕೆ ಆ ಊರಕಾವಲುಗಾರನ ಹೆಸರಿದೆ.

ಪ್ರಿಯ ವಿದ್ಯಾರ್ಥಿಗಳೇ, ದೇವನು ಯಾರನ್ನೂ ಬರಿಗೈಯಲ್ಲಿ ಕಳಿಸುವುದಿಲ್ಲ. ಹಮಾಲರ ಮಗ, ಬೀಡಿ ಕಟ್ಟುವ ತಾಯಿಯ ಮಗಳು, ಎರಡು ಸಲ ನಪಾಸಾದ ಹುಡುಗ, ಎಲ್ಲರಲ್ಲೂ ಅವನಿಟ್ಟ ಅಮಾನತ್ತು ಇದೆ. ಇವನ ಕೈಲಿ ಏನೂ ಆಗುವುದಿಲ್ಲ ಎಂದು ಮನೆಯವರೋ ಗುರುಗಳೋ ಅಂದುಬಿಟ್ಟರೆ ಆ ಅಮಾನತ್ತು ಮಣ್ಣುಪಾಲಾಗುತ್ತದೆ. ಹಿಂದಿನ ಬೆಂಚಿನ ಮಗುವನ್ನು ಶಾಲೆ ಬಿಡಿಸುವ ಮುನ್ನ ಸಂಗೊಳ್ಳಿಯ ಕಾವಲುಗಾರನನ್ನು ಒಮ್ಮೆ ನೆನೆಯೋಣ.